ಹಗಲು ಮಲಗಿ ಎಂದ ಅಧಿಕಾರಿಗೆ

ಮಾನ್ಯ ಸಂಪಾದಕರೇ,

ಮುಖ್ಯರಸ್ತೆಯ ರಾತ್ರಿ ಕಾಮಗಾರಿ ಕುರಿತು ನಿನ್ನೆಯ ಸಂಚಿಕೆಯಲ್ಲಿ ಬಂದ ವರದಿ ಓದಿ ಮೈ ಉರಿದುಹೋಯಿತು. ‘ತೊಂದರೆಯಾದವರು ಹಗಲು ಒಂದಿಷ್ಟು ಮಲಗಿ ಸರಿದೂಗಿಸಿಕೊಳ್ಳಲಿ’ ಎಂದು ಎಂಜಿನಿಯರ್ ಸಾಹೇಬರು ಅಪ್ಪಣೆ ಕೊಡಿಸಿದ್ದಾರೆ. ನಡುರಾತ್ರಿ ಕಾಂಕ್ರೀಟ್ ಒಡೆಯುವ ಯಂತ್ರ ಶುರುವಾದಾಗ ಅವರು ಎಲ್ಲಿ ಮಲಗಿದ್ದರೋ. ನಮ್ಮ ಕಿಟಕಿಯ ಗಾಜು ಚೌಕಟ್ಟಿನಲ್ಲೇ ಗಡಗಡ ನಡುಗುತ್ತಿತ್ತು. ಸಾಲದ್ದಕ್ಕೆ ಅವರು ನೆಟ್ಟಿರುವ ಫ್ಲಡ್‌ಲೈಟ್ ನೇರವಾಗಿ ನಮ್ಮ ಮಲಗುವ ಕೋಣೆಗೇ ಮುಖ ಮಾಡಿದೆ. ಪರದೆಯ ಮೇಲೆ ಹೊದಿಕೆ ಕಟ್ಟಿದರೂ ಗೋಡೆಯ ಕ್ಯಾಲೆಂಡರಿನ ತಾರೀಖು ಓದಬಹುದು.

ಹಗಲು ಮಲಗಬೇಕಂತೆ! ಮೆದುಳಿನ ಹೈಪೊಥಲಾಮಸ್ ಎಂಬ ಭಾಗದಲ್ಲಿ, ಎರಡು ಕಣ್ಣುಗಳ ನರಗಳು ಕೂಡುವ ಜಾಗದ ಮೇಲೆಯೇ, ಸುಮಾರು 20,000 ನರಕೋಶಗಳ ಗಡಿಯಾರವಿದೆ. ಅದು ಹೊತ್ತು ಸರಿಪಡಿಸಿಕೊಳ್ಳುವುದು ಕಣ್ಣಿಗೆ ಬೀಳುವ ಬೆಳಕಿನಿಂದ, ಇಲಾಖೆಯ ಸುತ್ತೋಲೆಯಿಂದಲ್ಲ. ಕತ್ತಲಾದಾಗ ಮೆದುಳಿನ ಪೀನಿಯಲ್ ಗ್ರಂಥಿ, ರಾತ್ರಿಯಾಯಿತೆಂದು ಮೈಗೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ನೀಲಿ ಅಂಶ ಹೆಚ್ಚಿರುವ ಬಿಳಿ ದೀಪ ಅದನ್ನು ತಗ್ಗಿಸಿಬಿಡುತ್ತದೆ. ಎಚ್ಚರವಿದ್ದಷ್ಟೂ ಹೊತ್ತು ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರಿ ಕಣ್ಣು ಎಳೆಯುತ್ತದೆ, ನಿಜ. ಆದರೆ ಬೆಳಗಾದ ಮೇಲೆ ಗಡಿಯಾರ ನಮ್ಮನ್ನು ಎಚ್ಚರದ ಕಡೆಗೇ ಜಗ್ಗುತ್ತದೆ. ರಾತ್ರಿಪಾಳಿಯವರನ್ನು ಕೇಳಿ ನೋಡಲಿ, ಎಷ್ಟು ದಣಿದು ಮಲಗಿದರೂ ಹಗಲಿನ ನಿದ್ದೆ ಬೇಗ ಹರಿದುಹೋಗುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಕೊಟ್ಟರು. ಪಾಪ, ನಮ್ಮ ಎಂಜಿನಿಯರರನ್ನು ಕೇಳಿದ್ದರೆ ಅಷ್ಟು ವರ್ಷ ಪ್ರಯೋಗಾಲಯದಲ್ಲಿ ಹೆಣಗುವುದು ತಪ್ಪುತ್ತಿತ್ತು.

ನಾನು ಕಾಫಿಯ ಮೇಲೆ ಕಾಫಿ ಕುಡಿದು ಕೆಲಸಕ್ಕೆ ಹೋದೆ. ಮಧ್ಯಾಹ್ನ ಮೇಲಧಿಕಾರಿಯ ಎದುರೇ ತೂಕಡಿಸಿ ಬೈಸಿಕೊಂಡೆ. ಪರೀಕ್ಷೆಗೆ ಓದುತ್ತಿರುವ ಮಗಳು ತಿರುವಿದ ಪುಟವನ್ನೇ ಮತ್ತೆ ತಿರುವುತ್ತಿದ್ದಾಳೆ. ಕಾಫಿಯಲ್ಲಿರುವ ಕೆಫೀನ್ ಅಡೆನೋಸಿನ್‌ನ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅದರ ಕೆಲಸ ಮಾಡುವುದಿಲ್ಲ; ಎಂಜಿನಿಯರ್ ಸಾಹೇಬರ ಕಚೇರಿಯ ಕುರ್ಚಿಗಳಲ್ಲಿ ಕುಳಿತವರ ಹಾಗೆ. ಹೋದ ಮಳೆಗಾಲದಲ್ಲಿ ಚರಂಡಿ ಕಟ್ಟಿಕೊಂಡಾಗ ಕೊಟ್ಟ ಅರ್ಜಿಗೆ ಇವತ್ತಿನವರೆಗೂ ಉತ್ತರವಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ, ಎತ್ತಿದರೆ ‘ಸಾಹೇಬರು ಸೈಟಿಗೆ ಹೋಗಿದ್ದಾರೆ’. ಯಾವ ಸೈಟು? ಇದೇ ರಸ್ತೆಯನ್ನು ಡಾಂಬರು ಹಾಕಿದ ಬೆನ್ನಲ್ಲೇ ಪೈಪಿಗಾಗಿ ಅಗೆದವರೂ ಇವರೇ. ಹಗಲು ನಿದ್ದೆಯ ವಿಷಯದಲ್ಲಿ ಮಾತ್ರ ಇವರಿಗೆ ಒಳ್ಳೆಯ ಅನುಭವವಿದೆ ಎಂದು ಒಪ್ಪಬೇಕು.

ರಾತ್ರಿ ಕೆಲಸ ಕೂಡಲೇ ನಿಲ್ಲಿಸಲಿ, ಇಲ್ಲವೇ ಬೇಗ ಮುಗಿಸಲಿ. ಎರಡೂ ಆಗದಿದ್ದರೆ ಆ ದೀಪವನ್ನಾದರೂ ಆಚೆ ತಿರುಗಿಸಲಿ, ಅದಕ್ಕೆ ಟೆಂಡರ್ ಬೇಕಾಗಿಲ್ಲ ತಾನೇ? ಮೇಲಿನವರು ಇಂಥವರಿಗೆ ಸ್ವಲ್ಪ ಬುದ್ಧಿ ಹೇಳಬೇಕು. ಪತ್ರಿಕೆಗೆ ಬಾಯಿಗೆ ಬಂದಂತೆ ಹೇಳಿಕೆ ಕೊಡಲು ನಾಚಿಕೆಯಾದರೂ ಬೇಡವೇ ಇವರಿಗೆ?

– ನಿದ್ದೆಗೆಟ್ಟ ಓದುಗ