ಅವ್ವನ ಮಣ್ಣು ಇವತ್ತು ಮಧ್ಯಾಹ್ನ 3ಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಅವ್ವ ಇವತ್ತು ನಸುಕಿನಲ್ಲಿ ತೀರಿಕೊಂಡಳು. 91 ವರ್ಷ. ಹೊಲದಲ್ಲೇ, ಅಪ್ಪನ ಪಕ್ಕದಲ್ಲೇ ಮಣ್ಣು.

6 ಮಕ್ಕಳು, 4 ಎಕರೆ ಎರೆ ಹೊಲ. ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೊತ್ತು ಹುಟ್ಟುವ ಮುಂಚೆ ಕಳೆ ತೆಗೆಯಲು ಹೋಗುತ್ತಿದ್ದಳು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಮ್ಮಿ ಅಂತಾರೆ, ಅಲ್ವಾ? ದಿನವಿಡೀ ತೊಟ್ಟು ಮುರಿದರೆ ಅದೂ ಉರಿಯುತ್ತದೆ. ರಾತ್ರಿ ಅವ್ವ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂರುತ್ತಿದ್ದಳು. ಆ ದಿನಗಳಲ್ಲಿ ನಮ್ಮ ಮುಖ ಮುಟ್ಟುತ್ತಿರಲಿಲ್ಲ, ಕಣ್ಣು ಉರಿದಾವು ಅಂತ. ಅಕ್ಕನೇ ತುತ್ತು ಮಾಡಿ ಉಣಿಸುತ್ತಿದ್ದಳು.

ಹಾವೇರಿ ಕಡೆಯಿಂದ ಬರುವವರಿಗೆ ಬ್ಯಾಡಗಿ ಬಸ್ ನಿಲ್ದಾಣದಲ್ಲಿ ನನ್ನ ತಮ್ಮ ಗಾಡಿ ತಂದಿರುತ್ತಾನೆ. ಅವ್ವನ ಹಳೇ ಫೋಟೊ ಯಾರ ಹತ್ತಿರ ಇದ್ದರೂ ದಯವಿಟ್ಟು ಇಲ್ಲಿ ಹಾಕಿ. ನಮ್ಮಲ್ಲಿ ಆಧಾರ್ ಕಾರ್ಡಿನದು ಒಂದೇ ಇದೆ.