ಬೆಂಚಿನ ತುದಿಯ ಮೂವರು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ತಲುಪಿತು. ಬ್ಯಾಸ್ಕೆಟ್‌ಬಾಲ್ ತಂಡದ ಹೊಣೆ ಕೈಗೆ ಬಂದ ಸಂತೋಷವನ್ನು ಎರಡು ಸಾಲಿನಲ್ಲಿ ಮುಗಿಸಿ, ಉಳಿದ ಮೂರು ಪುಟಗಳನ್ನು ಬೆಂಚಿನ ತುದಿಯಲ್ಲಿ ಕೂರುವ ಆ ಮೂವರು ಎತ್ತರದ ಹುಡುಗರಿಗೇ ಬಿಟ್ಟುಕೊಟ್ಟಿರುವುದನ್ನು ಕಂಡು ನಗು ಬಂತು. ಅಂಕ ಗಳಿಸುವವರ ಬಗ್ಗೆ ಒಂದು ಮಾತೂ ಇಲ್ಲ, ಚೆಂಡು ತರುವವರ ಬಗ್ಗೆಯೂ ಇಲ್ಲ. ಆದರೆ ನಿನ್ನ ಚಿಂತೆ ಅಕಾರಣವಲ್ಲ. ಕೋಚ್ ಆದವನ ನಿದ್ದೆ ಕೆಡಿಸುವುದು ಆಟ ಶುರು ಮಾಡುವ ಮೊದಲ ಐವರಲ್ಲ, ಆರನೆಯವನಿಂದ ಆಚೆಗಿನ ಸಾಲು. ಅದರಲ್ಲಿಯೂ ಬುಟ್ಟಿಯ ಹತ್ತಿರ ಆಡುವ ಮೀಸಲು ಆಟಗಾರರದು ಬಹಳ ತೊಡಕಿನ ವಿಷಯ.

ನಿನ್ನ ಲೆಕ್ಕವನ್ನು ಎರಡು ಬಾರಿ ಓದಿದೆ. ಪಂದ್ಯ 40 ನಿಮಿಷದ್ದು, ಎತ್ತರದವರ ಸ್ಥಾನ ಎರಡು, ಹಾಗಾಗಿ ಒಟ್ಟು 80 ನಿಮಿಷ. ಮೊದಲ ಐವರಲ್ಲಿರುವ ಸೆಂಟರ್ 28 ನಿಮಿಷ, ಪವರ್ ಫಾರ್ವರ್ಡ್ 30 ನಿಮಿಷ ಆಡಿದರೆ ಉಳಿಯುವುದು 22. ಮೂವರಿಗೆ ತಲಾ 7, ಮಿಕ್ಕ 1 ನಿಮಿಷ ಆ ದಿನ ಚೆನ್ನಾಗಿ ಆಡಿದವನಿಗೆ. ಕೂಡಿಸಿ ಕಳೆಯುವುದರಲ್ಲಿ ತಪ್ಪಿಲ್ಲ. ಆದರೆ ಹೀಗೆ ಹಂಚಿದರೆ ಮೂವರಲ್ಲಿ ಒಬ್ಬನೂ ಆಡಿದ ಹಾಗಾಗುವುದಿಲ್ಲ. ಏಳು ನಿಮಿಷವನ್ನು ನೀನು ಒಂದೇ ಸಲಕ್ಕೆ ಕೊಡುವುದಿಲ್ಲ, ಎರಡು ಅರ್ಧಗಳಿಗೆ ಮುರಿದು ಮೂರೂವರೆ ಮೂರೂವರೆ ಮಾಡುತ್ತೀಯ. ಮೂರೂವರೆ ನಿಮಿಷದಲ್ಲಿ ನಮ್ಮ ಕಡೆಯ ದಾಳಿ ಹೆಚ್ಚೆಂದರೆ ಆರೋ ಏಳೋ. ಅದರಲ್ಲಿ ಚೆಂಡು ಅವನ ಕೈಗೆ ಬರುವುದು ಒಂದು ಸಲ, ಬಂದರೆ. ಎದುರಾಳಿ ಯಾವ ಕಡೆಗೆ ತಿರುಗುತ್ತಾನೆ, ಅಂಪೈರ್ ಎಷ್ಟು ತಳ್ಳಾಟಕ್ಕೆ ಸೀಟಿ ಊದುತ್ತಾರೆ ಎಂಬುದು ತಿಳಿಯುವ ಹೊತ್ತಿಗೆ ಅವನ ಬದಲಿಗೆ ಬರುವವನು ಮೇಜಿನ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾನೆ. ಆ ಕುರ್ಚಿಯಲ್ಲಿ ಕೂತವನ ಪಾಡೂ ಅಷ್ಟೇ: ಗಡಿಯಾರ ನಿಂತು ಅಂಪೈರ್ ಕರೆಯುವ ತನಕ ಒಳಗೆ ಹೋಗುವಂತಿಲ್ಲವಾದ್ದರಿಂದ, ನೀನು ಕಾಗದದಲ್ಲಿ ಬರೆದ ಏಳು ನಿಮಿಷದಲ್ಲಿ ಒಂದು ನಿಮಿಷ ಅಲ್ಲಿಯೇ ಸವೆದುಹೋಗುತ್ತದೆ.

ನಾನು ಮೂರು ವರ್ಷ ಹಾಗೆ ಕೂತವನು ಎಂಬುದು ನಿನಗೆ ಗೊತ್ತು, ಆದರೆ ಒಂದು ಪಂದ್ಯದ ಕಥೆಯನ್ನು ನಾನು ನಿನಗೆ ಹೇಳಿರಲಿಲ್ಲ. ಆ ದಿನ ಮೂರನೆಯ ಕ್ವಾರ್ಟರಿನ, ಅಂದರೆ ಪಂದ್ಯದ ಮೂರನೆಯ ಕಾಲುಭಾಗದ, ಕೊನೆಯವರೆಗೂ ನನ್ನನ್ನು ಕರೆಯಲಿಲ್ಲ. ಮಂಡಿಯ ಮೇಲೆ ಟವೆಲ್ ಹಾಕಿಕೊಂಡು, ಕೋಚ್ ತಲೆ ನಮ್ಮ ಕಡೆ ತಿರುಗಿದಾಗಲೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡು, ತಿರುಗಿದ್ದು ನೀರಿನ ಬಾಟಲಿಗೆ ಎಂದು ತಿಳಿದ ಮೇಲೆ ಮತ್ತೆ ಕುಗ್ಗಿ ಕೂರುತ್ತಿದ್ದೆ. ಕೊನೆಗೆ ಹೆಸರು ಹಿಡಿದು ಕರೆದಾಗ ಮೊಣಕಾಲು ಮರದ ತುಂಡಿನ ಹಾಗಾಗಿತ್ತು. ಒಳಗೆ ಹೋದವನೇ ಎದುರಾಳಿಯ ದಾರಿಗೆ ಅಡ್ಡ ನಿಂತು ಮೊದಲ ಸ್ಕ್ರೀನ್ ಹಾಕುವಾಗ ಕಾಲು ಜರುಗಿಸಿ ಫೌಲ್ ಮಾಡಿದೆ, ಮರು ದಾಳಿಯಲ್ಲಿ ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯಲು, ಅಂದರೆ ರಿಬೌಂಡಿಗೆ, ಎದುರಾಳಿಯ ಬೆನ್ನ ಮೇಲೆ ಹತ್ತಿ ಇನ್ನೊಂದು ಫೌಲ್. ಒಂದು ನಿಮಿಷ ನಲವತ್ತು ಸೆಕೆಂಡಿಗೆ ವಾಪಸ್ಸು. ಸ್ಕೋರ್ ಶೀಟಿನಲ್ಲಿ ನನ್ನ ಹೆಸರಿನ ಮುಂದೆ ಇದ್ದದ್ದು ಆ ಎರಡು ಫೌಲ್ ಮಾತ್ರ. ನನ್ನನ್ನು ಕಾಡಿದ್ದು ನಿಮಿಷಗಳು ಕಡಿಮೆಯಾದವು ಎಂಬುದಲ್ಲ. ಆ ದಿನ ಕರೆ ಬರುತ್ತದೆಯೋ ಇಲ್ಲವೋ, ಬಂದರೆ ಯಾತಕ್ಕೆ ಬರುತ್ತದೆ ಎಂಬುದು ಪಂದ್ಯದ ಮೊದಲು ನನಗೂ ಗೊತ್ತಿರಲಿಲ್ಲ, ನನ್ನ ಅನುಮಾನದ ಪ್ರಕಾರ ನಮ್ಮ ಕೋಚಿಗೂ ಗೊತ್ತಿರಲಿಲ್ಲ.

ಆದ್ದರಿಂದ 22 ನಿಮಿಷವನ್ನು ಮೂವರಿಗೆ ಹಂಚುವ ಯೋಚನೆಯನ್ನು ಬಿಟ್ಟು, ಆ 22 ನಿಮಿಷದಲ್ಲಿ ಅಂಕಣದಲ್ಲಿ ಯಾರ ಜೊತೆ ಯಾರು ಇರಬೇಕು ಎಂಬಲ್ಲಿಂದ ಶುರು ಮಾಡು. ನೀನು ಬರೆದ ಪ್ರಕಾರ ನಿನ್ನ ಸೆಂಟರ್ ಬುಟ್ಟಿಯಿಂದ ಐದು ಅಡಿ ಆಚೆಗೆ ಹೋದರೆ ಚೆಂಡು ಎಸೆಯುವವನಲ್ಲ, ಪವರ್ ಫಾರ್ವರ್ಡ್ ಮಾತ್ರ ನಡುದೂರದಿಂದ ಹಾಕಬಲ್ಲವನು. ಮೀಸಲಿನ ಮೂವರಲ್ಲಿ ಹಿರಿಯವನು ನಿಧಾನ, ಆದರೆ ಎಲ್ಲಿ ನಿಲ್ಲಬೇಕೆಂದು ಬಲ್ಲ. ಎರಡನೆಯವನು ಮೂರು ಅಂಕದ ಗೆರೆಯಾಚೆಯಿಂದ ಗುರಿ ಹಿಡಿಯುತ್ತಾನೆ, ಆದರೆ ಒಳಗೆ ಯಾರಾದರೂ ಬೆನ್ನು ಕೊಟ್ಟು ಒತ್ತಿದರೆ ಜಾರುತ್ತಾನೆ. ಮೂರನೆಯವನು ಎಲ್ಲರಿಗಿಂತ ಎತ್ತರ ಜಿಗಿಯುತ್ತಾನೆ, ಎಲ್ಲರಿಗಿಂತ ಬೇಗ ಫೌಲ್ ಮಾಡುತ್ತಾನೆ. ಈಗ ಜೋಡಿ ಕಟ್ಟಿ ನೋಡು. ಹಾರುವ ಹುಡುಗನನ್ನು ನಿನ್ನ ಸೆಂಟರ್ ಪಕ್ಕದಲ್ಲಿ ನಿಲ್ಲಿಸಿದರೆ ಇಬ್ಬರೂ ಬುಟ್ಟಿಯ ಕೆಳಗೇ ನಿಲ್ಲುತ್ತಾರೆ, ಅವರನ್ನು ಕಾಯುವ ಇಬ್ಬರು ಎದುರಾಳಿಗಳೂ ಅಲ್ಲಿಯೇ ನಿಲ್ಲುತ್ತಾರೆ, ಚೆಂಡು ತರುವ ನಿನ್ನ ಗಾರ್ಡುಗಳು ಒಳನುಗ್ಗಲು ಒಂದು ಅಡಿ ಜಾಗವೂ ಉಳಿಯುವುದಿಲ್ಲ. ಅದೇ ಜಾಗದಲ್ಲಿ ದೂರದಿಂದ ಎಸೆಯುವವನಿದ್ದರೆ ಅವನನ್ನು ಕಾಯುವವನು ಹೊರಗೆ ಬರಲೇಬೇಕು. ರಕ್ಷಣೆಯಲ್ಲಿ ಅವನು ಜಾರಿದರೂ ಹಿಂದೆ ಸೆಂಟರ್ ಇದ್ದಾನೆ. ಹಿರಿಯವನು ಸೆಂಟರ್‌ಗೆ ಬದಲಿ, ಎಸೆಯುವವನು ಪವರ್ ಫಾರ್ವರ್ಡ್‌ಗೆ ಬದಲಿ. ಅವರಿಬ್ಬರನ್ನು ಒಟ್ಟಿಗೆ ಬಿಡುವ ಪ್ರಸಂಗವನ್ನು ತಂದುಕೊಳ್ಳಬೇಡ, ಅಂದರೆ ಮೊದಲ ಐವರ ಇಬ್ಬರು ಎತ್ತರದವರನ್ನೂ ಒಂದೇ ಹೊತ್ತಿಗೆ ಕೂರಿಸಬೇಡ.

ಮೊದಲ ಕ್ವಾರ್ಟರಿನಲ್ಲಿ 3 ನಿಮಿಷ ಉಳಿದಿರುವಾಗ ಸೆಂಟರ್‌ನನ್ನು ಕೂರಿಸಿ ಹಿರಿಯವನನ್ನು ಕಳಿಸು, ಎರಡನೆಯ ಕ್ವಾರ್ಟರಿನ ಮೊದಲ 3 ನಿಮಿಷವೂ ಅವನೇ ಆಡಲಿ. ಕ್ವಾರ್ಟರುಗಳ ನಡುವಿನ 2 ನಿಮಿಷದ ಬಿಡುವು ನಡುವೆ ಬರುವುದರಿಂದ ಸೆಂಟರ್‌ಗೆ ಆರು ನಿಮಿಷ ಕೂತು ಎಂಟು ನಿಮಿಷದ ವಿಶ್ರಾಂತಿ ಸಿಗುತ್ತದೆ. ಅವನು ಮರಳಿದ ಕೂಡಲೇ ಪವರ್ ಫಾರ್ವರ್ಡ್ ಕೂರಲಿ, ಎಸೆಯುವ ಹುಡುಗ 5 ನಿಮಿಷ ಆಡಲಿ. ಎರಡನೆಯ ಅರ್ಧದಲ್ಲಿ ಇದನ್ನು ತಿರುವುಮುರುವು ಮಾಡು: ಮೂರನೆಯ ಕ್ವಾರ್ಟರಿನ ನಡುವೆ ಎಸೆಯುವವನ 5 ನಿಮಿಷ ಮೊದಲು, ಆಮೇಲೆ ಆ ಕ್ವಾರ್ಟರಿನ ಕೊನೆಯ 3 ಮತ್ತು ನಾಲ್ಕನೆಯದರ ಮೊದಲ 3 ನಿಮಿಷ ಹಿರಿಯವನದು. ಹೀಗೆ ಹಿರಿಯವನಿಗೆ 12, ಎಸೆಯುವವನಿಗೆ 10, ಒಟ್ಟು ನಿನ್ನ 22 ಮುಗಿಯುತ್ತದೆ. ಪಂದ್ಯದ ಕೊನೆಯ ಏಳು ನಿಮಿಷಕ್ಕೆ ನಿನ್ನ ಮೊದಲ ಇಬ್ಬರೂ ದಣಿವಾರಿಸಿಕೊಂಡು ನಿಂತಿರುತ್ತಾರೆ. ಇದಕ್ಕಿಂತ ಮುಖ್ಯವಾಗಿ, ಎರಡನೆಯ ಕ್ವಾರ್ಟರ್ ಶುರುವಾಗುವ ಹೊತ್ತಿಗೆ ತನ್ನ ಸರದಿ ಹತ್ತಿರ ಬಂತೆಂದು ತಿಳಿದ ಹುಡುಗ ತಾನಾಗಿಯೇ ಎದ್ದು ಕಾಲು ಝಾಡಿಸಲು ಶುರು ಮಾಡುತ್ತಾನೆ. ನನ್ನ ಮರಗಾಲಿನ ಕಥೆ ನಿನ್ನ ಬೆಂಚಿನಲ್ಲಿ ನಡೆಯುವುದಿಲ್ಲ.

ಕಡಿಮೆ ನಿಮಿಷವೆಂದರೆ ಅವಮಾನ ಎಂದು ಹಿರಿಯವನು ಮುಖ ಸಣ್ಣದು ಮಾಡಿಕೊಂಡರೆ ಬಿಲ್ ವಾಲ್ಟನ್ ಕಥೆ ಹೇಳು. 1978ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅತ್ಯುತ್ತಮ ಆಟಗಾರನೆನಿಸಿದ್ದ ಸೆಂಟರ್ ಆತ. ಪಾದದ ಗಾಯಗಳು ವರ್ಷಗಟ್ಟಲೆ ಆಟವನ್ನು ಕಿತ್ತುಕೊಂಡ ಮೇಲೆ 1985-86ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಬೆಂಚಿಗೆ ಬಂದು, ರಾಬರ್ಟ್ ಪ್ಯಾರಿಷ್ ಮತ್ತು ಕೆವಿನ್ ಮೆಕ್‌ಹೇಲ್ ಅವರ ಬೆನ್ನಿಗೆ ನಿಂತು, 80 ಪಂದ್ಯಗಳಲ್ಲಿ ಸರಾಸರಿ ಸುಮಾರು 19 ನಿಮಿಷ ಆಡಿದ. ಆ ವರ್ಷ ತಂಡ ಚಾಂಪಿಯನ್ ಆಯಿತು, ಅತ್ಯುತ್ತಮ ಆರನೆಯ ಆಟಗಾರನ ಪ್ರಶಸ್ತಿ ಆತನಿಗೆ ಬಂತು.

ಹಾಗಾದರೆ ಚೆನ್ನಾಗಿ ಆಡುತ್ತಿರುವವನನ್ನು ಗಡಿಯಾರ ನೋಡಿ ಹೊರಗೆ ಕರೆಯಬೇಕೇ ಎಂದು ನೀನು ಕೇಳುತ್ತೀಯ. ನಿನ್ನ ಆ 1 ನಿಮಿಷದ ಬಹುಮಾನದ ಹಿಂದೆ ಇರುವುದೂ ಇದೇ ಪ್ರಶ್ನೆ. ಕರೆಯಬೇಕಿಲ್ಲ. 2008ರ ಫೈನಲ್ಸ್‌ನ ಎರಡನೆಯ ಪಂದ್ಯದಲ್ಲಿ ಅದೇ ಬಾಸ್ಟನ್ ತಂಡದ ಮೀಸಲು ಫಾರ್ವರ್ಡ್ ಲಿಯಾನ್ ಪೋ ಹದಿನೈದು ನಿಮಿಷದೊಳಗೆ 21 ಅಂಕ ಗಳಿಸಿದ. ಆತನೊಬ್ಬನಿಗೆ ಸಿಕ್ಕ ಫ್ರೀ ಥ್ರೋ (ಎದುರಾಳಿಯ ಫೌಲಿಗಾಗಿ ಸಿಗುವ ಅಡ್ಡಿಯಿಲ್ಲದ ಎಸೆತ) 13, ಎದುರಿನ ಲೇಕರ್ಸ್ ತಂಡಕ್ಕೆಲ್ಲ ಸೇರಿ ಸಿಕ್ಕದ್ದು 10. ಆತನನ್ನು ಆ ಹೊತ್ತಿನಲ್ಲಿ ಹೊರಗೆ ಕರೆಯುವ ಕೋಚ್ ಹುಚ್ಚನೇ ಸರಿ. ಆದರೆ ಆ ಬೆಂಚನ್ನು ಪೂರ್ತಿಯಾಗಿ ನೋಡು. ಪೋ ಜೊತೆಗೆ ಗ್ಲೆನ್ ಡೇವಿಸ್ ಇದ್ದ, 38 ವಯಸ್ಸಿನ ಪಿ.ಜೆ. ಬ್ರೌನ್ ಇದ್ದ, ಬ್ರೌನ್ ಆ ಸೀಸನ್ ಅರ್ಧ ಕಳೆಯುವವರೆಗೂ ಯಾವ ತಂಡದಲ್ಲಿಯೂ ಇರದೆ ಫೆಬ್ರವರಿಯಲ್ಲಿ ಬಂದು ಸೇರಿದವನು. ಕ್ಲೀವ್‌ಲ್ಯಾಂಡ್ ಎದುರಿನ ಏಳನೆಯ ಪಂದ್ಯದ ಕೊನೆಯ ನಿಮಿಷಗಳಲ್ಲಿ ಕೋಚ್ ಡಾಕ್ ರಿವರ್ಸ್ ಅಂಕಣದಲ್ಲಿ ಉಳಿಸಿಕೊಂಡದ್ದು ಆ ಇಬ್ಬರು ಕಿರಿಯರನ್ನಲ್ಲ, ಈ ಮುದುಕನನ್ನು, ಮತ್ತು ಆತ ದೂರದಿಂದ ಹಾಕಿದ ಚೆಂಡು ಬುಟ್ಟಿಗೆ ಬಿತ್ತು. ನಾನು ಗಮನಿಸಿದ್ದು ಏನೆಂದರೆ, ಮೂವರೂ ಒಂದೇ ಕೆಲಸಕ್ಕೆ ಪೈಪೋಟಿ ಮಾಡುತ್ತಿರಲಿಲ್ಲ. ಒಬ್ಬ ಒಳಗೆ ನುಗ್ಗಿ ಫೌಲ್ ಗಿಟ್ಟಿಸುವವನು, ಒಬ್ಬ ದೇಹ ಕೊಟ್ಟು ತಡೆಯುವವನು, ಒಬ್ಬ ತಪ್ಪು ಮಾಡದವನು.

ಎದುರಾಳಿ ಎತ್ತರದವರನ್ನೇ ಕೂರಿಸಿ ಐವರು ಚಿಕ್ಕ, ವೇಗದ ಆಟಗಾರರನ್ನು ಬಿಟ್ಟರೆ ನನ್ನ ವೇಳಾಪಟ್ಟಿ ಮುರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2015ರ ಫೈನಲ್ಸ್‌ನ ನಾಲ್ಕನೆಯ ಪಂದ್ಯದಲ್ಲಿ ಗೋಲ್ಡನ್ ಸ್ಟೇಟ್ ತಂಡ ತನ್ನ ಸೆಂಟರ್ ಆಂಡ್ರ್ಯೂ ಬೋಗಟ್ ಬದಲು ಆಂಡ್ರೆ ಇಗುವೋಡಾಲನನ್ನು ಮೊದಲ ಐವರಲ್ಲಿ ಇಳಿಸಿತು. ಕ್ಲೀವ್‌ಲ್ಯಾಂಡಿನ ದೈತ್ಯ ಸೆಂಟರ್ ತಿಮೊಫೆ ಮೊಜ್‌ಗೊವ್ ಆ ದಿನ 28 ಅಂಕ ಗಳಿಸಿದ, ಆದರೆ ಆತನ ತಂಡ 21 ಅಂಕಗಳಿಂದ ಸೋತಿತು. ಮುಂದಿನ ಪಂದ್ಯದಲ್ಲಿ ಆತನಿಗೆ ಸಿಕ್ಕದ್ದು 9 ನಿಮಿಷ. 28 ಅಂಕ ಹಾಕಿದವನನ್ನು ಕೂರಿಸುವುದು ಸರಿಯಿತ್ತೇ ಎಂಬ ವಾದ ಇನ್ನೂ ಮುಗಿದಿಲ್ಲ. ನನಗಂತೂ ಅದು ಭಯದ ನಿರ್ಧಾರದಂತೆ ಕಾಣುತ್ತದೆ. ನೀನು ಮಾಡಬೇಕಾದ್ದು ಇಷ್ಟು: ಅವರು ಚಿಕ್ಕವರನ್ನು ಬಿಟ್ಟರೆ ಹಿರಿಯವನ ಸರದಿಯಲ್ಲಿ ಎಸೆಯುವವನು ಸೆಂಟರ್ ಆಗುತ್ತಾನೆ ಎಂದು ಇಬ್ಬರಿಗೂ ಪಂದ್ಯದ ಹಿಂದಿನ ದಿನವೇ ಹೇಳು, ಅಭ್ಯಾಸದಲ್ಲಿ ಹತ್ತು ನಿಮಿಷ ಹಾಗೆಯೇ ಆಡಿಸು. ಆಗ ಹಿರಿಯವನು ಬೆಂಚಿಗೆ ಬಂದರೂ ತಾನೇನು ತಪ್ಪು ಮಾಡಿದೆನೆಂದು ಹುಡುಕುತ್ತ ಕೂರುವುದಿಲ್ಲ.

ಇನ್ನು ಆ ಹಾರುವ ಹುಡುಗ. ನಿನ್ನ ಸಂಕಟ ಇರುವುದು ಇಲ್ಲಿಯೇ ಎಂದು ನನಗೆ ಗೊತ್ತು. ಅಭ್ಯಾಸಕ್ಕೆ ಮೊದಲು ಬಂದು ಕೊನೆಗೆ ಹೋಗುವವನು ಅವನೇ ಎಂದು ಬರೆದಿದ್ದೀಯ. ಅವನಿಗೆ ನನ್ನ ಪಟ್ಟಿಯಲ್ಲಿ ನಿಮಿಷವಿಲ್ಲ, ಆದರೆ ಕೆಲಸವಿದೆ. ಐದು ಫೌಲಿಗೆ ಆಟಗಾರ ಹೊರಹೋಗುವ ನಮ್ಮ ನಿಯಮದಲ್ಲಿ ಸೆಂಟರ್ ಮೊದಲ ಐದು ನಿಮಿಷಕ್ಕೇ ಎರಡು ಫೌಲ್ ಮಾಡಿಕೊಳ್ಳುವ ದಿನ ಬಂದೇ ಬರುತ್ತದೆ. ಅಂಥ ದಿನ ಹೆಚ್ಚಿನವರು ಹಿರಿಯ ಮೀಸಲಿನವನನ್ನೇ ಮುಂಚಿತವಾಗಿ ಎಳೆದು ತರುತ್ತಾರೆ, ಅವನು ತನ್ನ ಸರದಿ ಬರುವುದರೊಳಗೆ ಬಸವಳಿದಿರುತ್ತಾನೆ. ನಾನಾದರೆ ಹಿರಿಯವನ ವೇಳೆಯನ್ನು ಮುಟ್ಟದೆ, ನಡುವಿನ ಆ ಕೆಲವು ನಿಮಿಷವನ್ನು ಹಾರುವ ಹುಡುಗನಿಗೆ ಕೊಡುತ್ತೇನೆ. 1995ರಲ್ಲಿ ಎದುರಾಳಿಯ ದೈತ್ಯ ಸೆಂಟರ್ ಶಕೀಲ್ ಓನೀಲ್‌ನನ್ನು ತಡೆಯಲು ಶಿಕಾಗೊ ಬುಲ್ಸ್ ತಂಡ ಲಾಂಗ್ಲಿ, ಪರ್ಡ್ಯೂ, ವೆನಿಂಗ್ಟನ್ ಎಂಬ ಮೂವರು ಸೆಂಟರ್‌ಗಳನ್ನು ಸರದಿಯಲ್ಲಿ ಬಿಟ್ಟಿತ್ತು. ಎನ್‌ಬಿಎಯಲ್ಲಿ ಆಟಗಾರ ಹೊರಹೋಗುವುದು ಆರು ಫೌಲಿಗೆ, ಹಾಗಾಗಿ ತಲಾ 6ರಂತೆ 18 ಫೌಲ್ ಕೈಯಲ್ಲಿತ್ತು. ಸರಣಿಯನ್ನು ಬುಲ್ಸ್ ಸೋತಿತು, ಆ ಶರತ್ಕಾಲದಲ್ಲಿಯೇ ಪರ್ಡ್ಯೂನನ್ನು ಕೊಟ್ಟು ಡೆನಿಸ್ ರಾಡ್‌ಮನ್‌ನನ್ನು ತಂದಿತು. ಆದ್ದರಿಂದ ಫೌಲ್ ಮಾಡಲೆಂದೇ ಹುಡುಗನನ್ನು ಕಳಿಸಬೇಡ. ಒಂದು ಕ್ವಾರ್ಟರಿನಲ್ಲಿ ತಂಡದ ಐದನೆಯ ಫೌಲಿನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ ಸಿಗುತ್ತದೆ, ಅವನ ಎರಡು ಅವಸರದ ಫೌಲಿಗೆ ಇಡೀ ತಂಡ ದಂಡ ತೆರುತ್ತದೆ. ಕೈ ಮೇಲೆತ್ತಿ ನಿಲ್ಲು, ಜಿಗಿಯಬೇಡ ಎಂಬುದನ್ನು ಅವನಿಗೆ ವಾರವಿಡೀ ಕಲಿಸು. ಎತ್ತರ ಅವನಿಗೆ ಹುಟ್ಟಿನಿಂದಲೇ ಬಂದಿದೆ. ನೆಲದ ಮೇಲೆ ನಿಂತು ಅದನ್ನು ಬಳಸುವುದು ಮಾತ್ರ ಬಾಕಿ.

ಗೆದ್ದಾಗಿರುವ ಪಂದ್ಯದ ಕೊನೆಯ ಒಂದೂವರೆ ನಿಮಿಷಕ್ಕೆ ಅವನನ್ನು ಕಳಿಸಿ ಬೆನ್ನು ತಟ್ಟುವ ಚಾಳಿಯನ್ನೂ ಇಟ್ಟುಕೊಳ್ಳಬೇಡ, ನನಗೆ ಅದು ಯಾವತ್ತೂ ಉಡುಗೊರೆಯಾಗಿ ಕಂಡಿರಲಿಲ್ಲ. ಅವನನ್ನು ಒಬ್ಬನೇ ಇದ್ದಾಗ ಕರೆದು ಕೂರಿಸಿ ಹೇಳು: ಈಗ ನೀನು ಮೂರನೆಯವನು, ಸೆಂಟರ್‌ಗೆ ಬೇಗ ಎರಡು ಫೌಲ್ ಆದರೆ ನಿನ್ನನ್ನೇ ಕರೆಯುತ್ತೇನೆ, ಬೇರೆ ದಿನ ನೀನು ಆಡದೆಯೂ ಇರಬಹುದು, ಅಭ್ಯಾಸದಲ್ಲಿ ಫೌಲ್ ಇಲ್ಲದೆ ಹತ್ತು ನಿಮಿಷ ಕಾಯ್ದು ತೋರಿಸಿದರೆ ಈ ಮಾತನ್ನು ಮತ್ತೆ ಕೂತು ಆಡೋಣ. ನೋಡೋಣ, ಅವಕಾಶ ಬರುತ್ತದೆ, ತಾಳ್ಮೆ ಇರಲಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಡಬೇಡ. ಕೇಳಿಸಿಕೊಂಡಾಗ ಅವನ ಮುಖ ಬಾಡುತ್ತದೆ, ಒಂದೆರಡು ದಿನ ನಿನ್ನನ್ನು ಕಂಡರೆ ತಲೆ ಬಗ್ಗಿಸಿ ಹೋಗುತ್ತಾನೆ. ನನಗೆ ಯಾರೂ ಹೀಗೆ ಹೇಳಲಿಲ್ಲ, ಮೂರು ವರ್ಷ ಪ್ರತಿ ಪಂದ್ಯಕ್ಕೂ ಶೂ ಲೇಸನ್ನು ಎರಡು ಗಂಟು ಹಾಕಿ ಬಿಗಿದುಕೊಂಡು ಕೂತೆ.

ಶನಿವಾರದ ಪಂದ್ಯದಲ್ಲಿ ಯಾರು ಎಷ್ಟನೆಯ ನಿಮಿಷಕ್ಕೆ ಒಳಗೆ ಹೋದರು, ಎಷ್ಟಕ್ಕೆ ಹೊರಬಂದರು ಎಂಬುದನ್ನು ಬೆಂಚಿನಲ್ಲಿ ಕೂರುವ ಯಾರಿಗಾದರೂ ಬರೆದಿಡಲು ಹೇಳಿ, ಆ ಹಾಳೆಯ ಫೋಟೋ ನನಗೆ ಕಳಿಸು. ಅಂಕಗಳ ಪಟ್ಟಿ ಬೇಡ.

ನಿನ್ನ ಗೆಳೆಯ