ಗ್ಲಾಸಿನಲ್ಲಿ ಎಷ್ಟಿದೆ ಎಂಬುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಕೆಂಪು ವೈನಿನಲ್ಲಿರುವ ರೆಸ್ವೆರಾಟ್ರಾಲ್ ಹೃದಯವನ್ನು ಕಾಪಾಡುತ್ತದೆ, ಮುಪ್ಪನ್ನು ಮುಂದೂಡುತ್ತದೆ ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಬಂದ ಬರಹ ಓದಿದೆ. ಅದರಲ್ಲಿದ್ದದ್ದು ಪೂರ್ತಿ ಸುಳ್ಳಲ್ಲ. ಆದರೆ ಮುಖ್ಯವಾದ ಒಂದು ವಿಷಯ ಬಿಟ್ಟುಹೋಗಿದೆ. ಒಂದು ಗ್ಲಾಸಿನಲ್ಲಿ ಈ ಪದಾರ್ಥ ಎಷ್ಟಿರುತ್ತದೆ? ಪ್ರಯೋಗದಲ್ಲಿ ಎಷ್ಟು ಕೊಟ್ಟಿದ್ದರು, ಯಾರಿಗೆ ಕೊಟ್ಟಿದ್ದರು? ಇದನ್ನು ಹೇಳದೆ ಲಾಭವನ್ನಷ್ಟೇ ಹೇಳಿದರೆ ಓದಿದವರು ಸೀದಾ ಬಾಟಲಿ ಕೊಳ್ಳಲು ಹೋಗುತ್ತಾರೆ.

ಚಿಂಚವಡದಲ್ಲಿ ನನ್ನದು ಮೆಡಿಕಲ್ ಅಂಗಡಿ. ಇಂಥ ಬರಹ ಬಂದಾಗಲೆಲ್ಲ ಕೌಂಟರಿನಲ್ಲಿ ಅದೇ ಪ್ರಶ್ನೆ. ಹೋಟೆಲ್ ನಡೆಸುವ ನಮ್ಮ ಕರಾವಳಿಯವರು, ಎಂಐಡಿಸಿ ಕಾರ್ಖಾನೆಗಳಲ್ಲಿ ದುಡಿದು ರಿಟೈರ್ ಆದ ನಮ್ಮ ಉತ್ತರ ಕರ್ನಾಟಕದ ಹಿರಿಯರು ಬಿ.ಪಿ. ಮಾತ್ರೆ, ಶುಗರ್ ಮಾತ್ರೆ ತಗೊಳ್ಳಲು ಬರುತ್ತಾರೆ. "ದಿನಾ ರಾತ್ರಿ ಅರ್ಧ ಗ್ಲಾಸ್ ರೆಡ್ ವೈನ್ ತಗೊಂಡ್ರ ಹಾರ್ಟಿಗೆ ಛಲೋ ಅಂತಲ್ರೀ?" ಎಂದು ಕೇಳುತ್ತಾರೆ. ಈವರೆಗೆ ಒಂದು ಹನಿ ಕುಡಿಯದವರೂ ಕೇಳುತ್ತಾರೆ. ನನ್ನ ಕಾಳಜಿ ಮುಖ್ಯವಾಗಿ ಅವರ ಬಗ್ಗೆ.

ನಾನು ವಿಜಯಪುರ ಜಿಲ್ಲೆಯವನು. ದ್ರಾಕ್ಷಿ ಬೆಳೆಯುವವರ ಮನೆಯಲ್ಲಿ ಹುಟ್ಟಿದವನು. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಡೌನಿ ಬರುತ್ತದೆ, ಬೂದಿ ರೋಗ ಬರುತ್ತದೆ ಎಂದು ಮನೆಮಂದಿಗೆಲ್ಲ ನಿದ್ದೆ ಇರುವುದಿಲ್ಲ. ಹೀಗೆ ಶಿಲೀಂಧ್ರ ದಾಳಿ ಮಾಡಿದಾಗ, ಅಥವಾ ಅತಿನೇರಳೆ ಕಿರಣ ಬಿದ್ದಾಗ, ಬಳ್ಳಿ ತನ್ನ ರಕ್ಷಣೆಗೆ ತಾನೇ ತಯಾರಿಸಿಕೊಳ್ಳುವ ಮದ್ದು ಈ ರೆಸ್ವೆರಾಟ್ರಾಲ್. 1940ರ ಹೊತ್ತಿಗೆ ಜಪಾನಿನ ಮಿಚಿಯೊ ಟಕಾವೊಕ ಇದನ್ನು ಮೊದಲು ಬೇರ್ಪಡಿಸಿದ್ದು ದ್ರಾಕ್ಷಿಯಿಂದ ಅಲ್ಲ, ಬೇರೊಂದು ಗಿಡದ ಬೇರಿನಿಂದ. ದ್ರಾಕ್ಷಿ ಎಲೆಯಲ್ಲಿ ಇದೆ ಎಂದು ಗೊತ್ತಾದದ್ದು 1976ರಲ್ಲಿ. ಹಣ್ಣಿನಲ್ಲಿ ಇದು ಇರುವುದು ಹೆಚ್ಚಾಗಿ ಸಿಪ್ಪೆಯಲ್ಲಿ. ಕೆಂಪು ವೈನನ್ನು ಸಿಪ್ಪೆಯ ಜೊತೆಗೇ ಹುದುಗಿಸುತ್ತಾರೆ, ಬಿಳಿ ವೈನಿಗೆ ಮೊದಲೇ ಸಿಪ್ಪೆ ತೆಗೆದುಬಿಡುತ್ತಾರೆ. ಅದಕ್ಕೇ ಕೆಂಪಿನಲ್ಲಿ ಜಾಸ್ತಿ. ಬಳ್ಳಿಯ ಈ ಜಾಣತನ ನನಗೆ ಇವತ್ತಿಗೂ ಬೆರಗು. ಇದರ ಮೇಲೆ ಸಂಶೋಧನೆ ನಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಆದರೆ ಜಾಸ್ತಿ ಅಂದರೆ ಎಷ್ಟು? ಒಂದು ಲೀಟರ್ ಕೆಂಪು ವೈನಿನಲ್ಲಿ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಸಿಗುತ್ತದೆ. ಕೆಲವು ವೈನಿನಲ್ಲಿ ಇದಕ್ಕಿಂತ ಹೆಚ್ಚು, ಕೆಲವದರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಎರಡು ಮಿಲಿಗ್ರಾಂ ಎಂದೇ ಹಿಡಿಯೋಣ. 150 ಮಿಲಿಲೀಟರಿನ ಒಂದು ಗ್ಲಾಸಿಗೆ 0.3 ಮಿಲಿಗ್ರಾಂ ಬಂತು. ಅದೇ ಗ್ಲಾಸಿನಲ್ಲಿ ಆಲ್ಕೋಹಾಲ್ ಎಷ್ಟು? ಶೇಕಡಾ 12ರ ವೈನ್ ಆದರೆ ಸುಮಾರು 14 ಗ್ರಾಂ. ಅಂದರೆ ನಾವು ಬಯಸಿ ಕುಡಿಯುವ ವಸ್ತುವಿಗಿಂತ ಆಲ್ಕೋಹಾಲ್ ನಲವತ್ತು ಸಾವಿರ ಪಟ್ಟಿಗೂ ಜಾಸ್ತಿ.

ಈಗ ಪ್ರಯೋಗಗಳ ವಿಷಯಕ್ಕೆ ಬರೋಣ. ನಿಮ್ಮ ಬರಹದಲ್ಲಿ "ಆಯುಸ್ಸು ಹೆಚ್ಚುತ್ತದೆ" ಎಂದು ಇತ್ತು. 2003ರಲ್ಲಿ ಹಾರ್ವರ್ಡ್‌ನ ವಿಜ್ಞಾನಿ ಡೇವಿಡ್ ಸಿಂಕ್ಲೇರ್ ಮತ್ತು ಸಂಗಡಿಗರು ಈ ಪದಾರ್ಥದಿಂದ ಯೀಸ್ಟ್ ಕಣಗಳು ಹೆಚ್ಚು ಕಾಲ ಬದುಕಿದವು ಎಂದು ತೋರಿಸಿದರು. 2006ರಲ್ಲಿ, ವಿಪರೀತ ಕೊಬ್ಬು ತಿನ್ನಿಸಿದ ಇಲಿಗಳು ಇದನ್ನು ಕೊಟ್ಟಾಗ ಹೆಚ್ಚು ಕಾಲ ಬದುಕಿದವು. ಕೊಟ್ಟದ್ದು ದಿನಕ್ಕೆ, ಇಲಿಯ ತೂಕದ ಪ್ರತಿ ಕಿಲೋಗೆ 22 ಮಿಲಿಗ್ರಾಂ. ಇಲಿಯ ಡೋಸನ್ನು ಹಾಗೆಯೇ ಮನುಷ್ಯನಿಗೆ ಹಾಕಲಾಗದು. ಅದನ್ನು ಸುಮಾರು 12ರಿಂದ ಭಾಗಿಸುವುದು ವಾಡಿಕೆ. ಹಾಗೆ ಭಾಗಿಸಿದರೂ 60 ಕಿಲೋ ತೂಕದವರಿಗೆ ದಿನಕ್ಕೆ 110 ಮಿಲಿಗ್ರಾಂ ಬೇಕು. ಒಂದು ಬಾಟಲಿಯಲ್ಲಿ ಸಿಗುವುದು ಒಂದೂವರೆ ಮಿಲಿಗ್ರಾಂ. ಎಪ್ಪತ್ತಕ್ಕೂ ಹೆಚ್ಚು ಬಾಟಲಿ, ಅದೂ ದಿನಾಲೂ! ಈ ಒಂದು ಲೆಕ್ಕ ನಿಮ್ಮ ಬರಹದ ಕೊನೆಯಲ್ಲಿ ಇದ್ದಿದ್ದರೆ ನಾನು ಪತ್ರ ಬರೆಯುತ್ತಲೇ ಇರಲಿಲ್ಲ.

ಕುಡಿದದ್ದೆಲ್ಲ ರಕ್ತಕ್ಕೆ ಹಾಗೆಯೇ ಸೇರುವುದೂ ಇಲ್ಲ. ಕರುಳು ಇದನ್ನು ಚೆನ್ನಾಗಿಯೇ ಹೀರುತ್ತದೆ, ಸುಮಾರು ಶೇಕಡಾ 70. ಆದರೆ ಕರುಳು ಮತ್ತು ಯಕೃತ್ತು ಸೇರಿ ಇದನ್ನು ಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಮೂಲ ರೂಪದಲ್ಲಿ ರಕ್ತದಲ್ಲಿ ಉಳಿಯುವುದು ತೀರಾ ಅಲ್ಪ. ಆ ಬದಲಾದ ರೂಪಗಳಿಂದ ಏನಾದರೂ ಉಪಯೋಗ ಇದೆಯೇ ಎಂದು ಇನ್ನೂ ಹುಡುಕುತ್ತಿದ್ದಾರೆ.

ಹಾಗಾದರೆ ಫ್ರೆಂಚರು? ಬೆಣ್ಣೆ, ಚೀಸ್ ತಿಂದೂ ಅವರಿಗೆ ಹೃದಯಾಘಾತ ಕಡಿಮೆ, ಕಾರಣ ವೈನ್ ಎಂಬ ಮಾತು 1991ರಲ್ಲಿ ಅಮೆರಿಕದ ಟಿ.ವಿ. ಕಾರ್ಯಕ್ರಮವೊಂದರಿಂದ ಮನೆಮಾತಾಯಿತು. ಮರುವರ್ಷ ಫ್ರಾನ್ಸಿನ ಸಂಶೋಧಕ ಸೆರ್ಜ್ ರೆನೋ ಅವರ ಲೇಖನ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವೈನಿನಲ್ಲಿ ರೆಸ್ವೆರಾಟ್ರಾಲ್ ಇದೆ ಎಂಬ ವರದಿಯೂ ಅದೇ ವರ್ಷ ಬಂತು. ಎರಡನ್ನೂ ಜನ ಗಂಟು ಹಾಕಿಬಿಟ್ಟರು. ಆದರೆ ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿ ನೋಡುವುದರಲ್ಲಿ ಒಂದು ದೊಡ್ಡ ತೊಂದರೆ ಇದೆ. "ಕುಡಿಯದವರು" ಎಂಬ ಗುಂಪಿನಲ್ಲಿ ಮೊದಲು ಕುಡಿದು, ಕಾಯಿಲೆ ಬಂದ ಮೇಲೆ ಬಿಟ್ಟವರೂ ಸೇರಿರುತ್ತಾರೆ. ಅವರ ಆರೋಗ್ಯ ಕೆಟ್ಟಿರುವುದರಿಂದ, ಪಕ್ಕದಲ್ಲಿ ಸ್ವಲ್ಪ ಕುಡಿಯುವವರು ಗಟ್ಟಿಯಾಗಿ ಕಾಣುತ್ತಾರೆ. ಸ್ವಲ್ಪ ಕುಡಿಯುವವರು ಎಷ್ಟೋ ಸಲ ಅನುಕೂಲಸ್ಥರೂ ಹೌದು. ಒಳ್ಳೆಯ ಊಟ, ಓಡಾಟ, ಒಳ್ಳೆಯ ಡಾಕ್ಟರು ಎಲ್ಲ ಅವರಿಗಿದೆ. ಇದರಲ್ಲಿ ವೈನಿನ ಪಾಲು ಎಷ್ಟು ಅಂತ ಹೇಗೆ ಹೇಳುವುದು, ಅಲ್ವಾ?

ನೇರವಾಗಿ ನೋಡಿದ ಅಧ್ಯಯನವೂ ಇದೆ. ಇಟಲಿಯ ಕಿಯಾಂಟಿ ವೈನಿಗೆ ಹೆಸರಾದ ಸೀಮೆ. ಅಲ್ಲಿ 65 ದಾಟಿದ 783 ಮಂದಿಯ ಮೂತ್ರದಲ್ಲಿ ರೆಸ್ವೆರಾಟ್ರಾಲಿನ ಅಂಶ ಅಳೆದು, ಒಂಬತ್ತು ವರ್ಷ ಅವರ ಆರೋಗ್ಯ ಗಮನಿಸಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಅಂಶ ಹೆಚ್ಚಿದ್ದವರಿಗೂ ಕಡಿಮೆ ಇದ್ದವರಿಗೂ ಹೃದ್ರೋಗ, ಕ್ಯಾನ್ಸರ್, ಸಾವು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವೈನ್ ಸೀಮೆಯ ಜನರ ಮೇಲೆ ನಡೆದ ಈ ಕೆಲಸ ನಿಮ್ಮ ಬರಹದಲ್ಲಿ ಒಂದು ಸಾಲೂ ಪಡೆಯಲಿಲ್ಲ. ಇದು ನನಗೆ ನಿಜಕ್ಕೂ ಬೇಸರ ತಂದಿದೆ.

"ವೈನ್ ಬೇಡ, ಕ್ಯಾಪ್ಸೂಲ್ ಕೊಡಿ" ಎನ್ನುವವರೂ ಇದ್ದಾರೆ. 250, 500 ಮಿಲಿಗ್ರಾಮಿನವು ಸಿಗುತ್ತವೆ. ಹೆಚ್ಚಿನವು ದ್ರಾಕ್ಷಿಯಿಂದಲ್ಲ, ಜಪಾನೀಸ್ ನಾಟ್‌ವೀಡ್ ಎಂಬ ಗಿಡದ ಬೇರಿನಿಂದ ತೆಗೆದವು. ಸಣ್ಣ ಸಣ್ಣ ಪ್ರಯೋಗಗಳಲ್ಲಿ ಕೆಲವು ಮಧುಮೇಹಿಗಳ ಸಕ್ಕರೆ ಸ್ವಲ್ಪ ಇಳಿದಿದೆ, ಕೆಲವದರಲ್ಲಿ ಏನೂ ಆಗಿಲ್ಲ. 2013ರಲ್ಲಿ ಕೋಪನ್‌ಹೇಗನ್‌ನಲ್ಲಿ ವ್ಯಾಯಾಮ ಮಾಡುತ್ತಿದ್ದ ಹಿರಿಯ ಗಂಡಸರಿಗೆ ದಿನಕ್ಕೆ 250 ಮಿಲಿಗ್ರಾಂ ಕೊಟ್ಟು ನೋಡಿದರು. ವ್ಯಾಯಾಮದಿಂದ ಬಿ.ಪಿ., ಕೊಲೆಸ್ಟ್ರಾಲ್ ಇಳಿಯಬೇಕಿತ್ತಲ್ಲ, ಆ ಲಾಭವೇ ಕುಗ್ಗಿತು. ಗ್ಲ್ಯಾಕ್ಸೊ ಎಂಬ ಔಷಧಿ ಕಂಪನಿ 2008ರಲ್ಲಿ 72 ಕೋಟಿ ಡಾಲರ್ ಕೊಟ್ಟು ಈ ಸಂಶೋಧನೆಯ ಸರ್ಟ್ರಿಸ್ ಸಂಸ್ಥೆಯನ್ನು ಕೊಂಡಿತ್ತು. ಒಂದು ಬಗೆಯ ರಕ್ತದ ಕ್ಯಾನ್ಸರ್ ಇದ್ದವರ ಮೇಲೆ ಅವರ ರೆಸ್ವೆರಾಟ್ರಾಲಿನ ಭಾರಿ ಡೋಸಿನ ಪ್ರಯೋಗ ನಡೆಯುತ್ತಿತ್ತು. ಕೆಲವರ ಕಿಡ್ನಿಗೆ ತೊಂದರೆಯಾಗಿ 2010ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ವೈನ್ ಮಾರಲು ಬಿಡುವ ತೀರ್ಮಾನ ಮಾಡಿದಾಗ ಇಲ್ಲಿ ಎಷ್ಟು ಗದ್ದಲ ಆಯಿತು ಎಂದು ನಿಮಗೆ ನೆನಪಿರಬಹುದು. ರೈತರಿಗೆ ದುಡ್ಡು ಬರುತ್ತದೆ ಎನ್ನುವುದು ಒಂದು ವಾದ. ಅದನ್ನು ದುಡ್ಡಿನ ವಾದವಾಗಿಯೇ ಮಾಡಲಿ, ಅದಕ್ಕೆ ಆರೋಗ್ಯದ ಹೆಸರು ಬೇಡ. ನಮ್ಮ ವಿಜಯಪುರ, ಸಾಂಗ್ಲಿ ಕಡೆಯ ದ್ರಾಕ್ಷಿ ಹೆಚ್ಚಾಗಿ ಹೋಗುವುದು ತಿನ್ನಲಿಕ್ಕೆ ಮತ್ತು ಒಣದ್ರಾಕ್ಷಿಗೆ. ಪುಣೆಯ ಮಾಂಜರಿಯಲ್ಲಿರುವ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ 'ಮಾಂಜರಿ ಮೆಡಿಕಾ' ಎಂಬ ಜ್ಯೂಸ್ ತಳಿಯನ್ನೇ ಬಿಡುಗಡೆ ಮಾಡಿದೆ. ಇಂಥದರ ಬಗ್ಗೆ ನಿಮ್ಮ ಪುಟದಲ್ಲಿ ಬಂದರೆ ರೈತನಿಗೂ ಓದುಗನಿಗೂ ಉಪಯೋಗ. ಕಪ್ಪು ದ್ರಾಕ್ಷಿಯನ್ನು ಸಿಪ್ಪೆ ಸಮೇತ ತಿನ್ನಿ, ಬೇಯಿಸಿದ ಶೇಂಗಾ ತಿನ್ನಿ. ಅವುಗಳಲ್ಲೂ ರೆಸ್ವೆರಾಟ್ರಾಲ್ ಇದೆ. ಅಲ್ಲೂ ಔಷಧಿಯ ಪ್ರಮಾಣದಲ್ಲಿ ಇಲ್ಲ, ಆದರೆ ಆಲ್ಕೋಹಾಲ್ ಇಲ್ಲವಲ್ಲ! ಶುಗರ್ ಇದ್ದವರು ಮಾತ್ರ ದ್ರಾಕ್ಷಿಯನ್ನು ಮಿತಿಯಲ್ಲಿ ತಿನ್ನಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿದೆ. 2023ರ ಜನವರಿಯಲ್ಲಿ ಸಂಸ್ಥೆ ಇನ್ನೂ ಬಿಡಿಸಿ ಹೇಳಿತು: ಇಷ್ಟು ಕುಡಿದರೆ ಆರೋಗ್ಯಕ್ಕೆ ಅಪಾಯವಿಲ್ಲ ಎಂಬ ಪ್ರಮಾಣವೇ ಇಲ್ಲ. ವೈನ್ ಇದಕ್ಕೆ ಹೊರತಲ್ಲ.

ದಯವಿಟ್ಟು ಆ ಬರಹದ ಜೊತೆ ಒಂದು ಸಣ್ಣ ಸ್ಪಷ್ಟನೆ ಹಾಕಿ. ಗ್ಲಾಸಿನ ಪ್ರಮಾಣ, ಪ್ರಯೋಗದ ಪ್ರಮಾಣ ಎರಡೂ ಅದರಲ್ಲಿ ಇರಲಿ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ವೈನ್ ಕುಡಿದರೆ ರಾತ್ರಿ ಸಕ್ಕರೆ ತೀರಾ ಇಳಿಯಬಹುದು ಎಂಬುದೂ ಬರಲಿ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್, ಕ್ಲೊಪಿಡೊಗ್ರೆಲ್‌ನಂಥ ಮಾತ್ರೆ ನುಂಗುತ್ತಿರುವವರು ರೆಸ್ವೆರಾಟ್ರಾಲ್ ಕ್ಯಾಪ್ಸೂಲನ್ನು ಡಾಕ್ಟರನ್ನು ಕೇಳದೆ ಮುಟ್ಟಬಾರದು, ರಕ್ತಸ್ರಾವದ ಅಪಾಯ ಇದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಆಪರೇಷನ್ನಿಗೆ ಮೊದಲು ತಪ್ಪದೆ ತಿಳಿಸಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಫಾರ್ಮಸಿಸ್ಟ್ ಓದುಗ
ಚಿಂಚವಡ, ಪುಣೆ